ಜಗಳವೇ ಆಡದೆ ದೂರವಾದವರು

ಒಡಹುಟ್ಟಿದವರು ದೂರವಾದ ಮಾತು ಬಂದರೆ ಯಾರಾದರೊಬ್ಬರು ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಆಸ್ತಿ ಜಗಳದ ಮಟ್ಟಿಗೆ ಗಾದೆ ಸರಿಯೇ. ಆದರೆ ದೂರವಾದವರಲ್ಲಿ ಬಹಳಷ್ಟು ಜನ ದಾಯಾದಿಗಳಾಗಿರುವುದಿಲ್ಲ. ಕೋರ್ಟು ಕಚೇರಿ ಹತ್ತಿಲ್ಲ, ಮುಖ ತಿರುಗಿಸಿಕೊಂಡಿಲ್ಲ. ಎದುರು ಸಿಕ್ಕರೆ ಖುಷಿಯೇ ಆಗುತ್ತದೆ. ಹುಟ್ಟಿದ ದಿನ ನೆನಪಿದೆ, ನಂಬರ್ ಫೋನಿನಲ್ಲಿದೆ. ಆದರೂ ತಂಗಿ ಕೆಲಸ ಬಿಟ್ಟದ್ದು ಅಣ್ಣನಿಗೆ ನಾಲ್ಕು ತಿಂಗಳಾದ ಮೇಲೆ, ಅದೂ ಬೇರೆ ಯಾರಿಂದಲೋ ಗೊತ್ತಾಗುತ್ತದೆ. ಯಾವಾಗಿನಿಂದ ಹೀಗಾಯಿತು ಎಂದು ಕೇಳಿದರೆ ಇಬ್ಬರ ಹತ್ತಿರವೂ ಉತ್ತರವಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ 2020ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ ಶೇ. 27ರಷ್ಟು ವಯಸ್ಕರು ಯಾರಾದರೊಬ್ಬ ಸಂಬಂಧಿಕರ ಜೊತೆ ಸಂಪರ್ಕ ಕಡಿದುಕೊಂಡಿದ್ದರು. ಕಡಿದುಕೊಂಡವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತದೆ. ಇಲ್ಲಿ ಹೇಳಹೊರಟಿರುವುದು ಕಡಿಯದೆಯೇ ಸವೆದುಹೋದ ಸಂಬಂಧಗಳ ವಿಷಯ.

ಮೊದಲು ಗಂಟೆಗಳ ಲೆಕ್ಕ ನೋಡೋಣ. ಪೆನ್ಸಿಲ್ವೇನಿಯಾ ಸ್ಟೇಟ್ ಯುನಿವರ್ಸಿಟಿಯಿಂದ 1996ರಲ್ಲಿ ಬಂದ ಅಧ್ಯಯನದ ಪ್ರಕಾರ, ಹನ್ನೊಂದರ ಹೊತ್ತಿಗೆ ಮಕ್ಕಳು ತಮ್ಮ ಬಿಡುವಿನ ವೇಳೆಯ ಸುಮಾರು ಶೇ. 33ನ್ನು ಒಡಹುಟ್ಟಿದವರ ಜೊತೆ ಕಳೆಯುತ್ತಾರೆ. ಗೆಳೆಯರಿಗೂ, ಅಪ್ಪ ಅಮ್ಮನಿಗೂ ಅಷ್ಟು ಸಿಗುವುದಿಲ್ಲ. ನಾಲ್ಕರಿಂದ ಹದಿನಾರನೆಯ ವಯಸ್ಸಿನವರೆಗೆ ದಿನಕ್ಕೆ ಬರೀ ಎರಡು ಗಂಟೆ ಎಂದು ಹಿಡಿದರೂ ಒಟ್ಟು 8,760 ಗಂಟೆ. ಆಮೇಲೆ ಇಬ್ಬರೂ ಬೇರೆ ಬೇರೆ ಊರು ಸೇರಿ, ವರ್ಷಕ್ಕೆ ಎರಡು ಸಲ, ಸಲಕ್ಕೆ ಎರಡು ದಿನ ಸೇರುತ್ತಾರೆ ಎನ್ನೋಣ. ಎಚ್ಚರವಿರುವಾಗ ದಿನಕ್ಕೆ ಹತ್ತು ಗಂಟೆ ಒಟ್ಟಿಗಿದ್ದರೆ ವರ್ಷಕ್ಕೆ 40 ಗಂಟೆ, ನಲವತ್ತು ವರ್ಷಕ್ಕೆ 1,600. ಅಂದರೆ ಇಡೀ ಬದುಕಿನಲ್ಲಿ ಜೊತೆಗೆ ಕಳೆಯುವ ಸಮಯದಲ್ಲಿ ಸುಮಾರು ಶೇ. 85 ಹದಿನಾರು ತುಂಬುವಷ್ಟರಲ್ಲಿ ಮುಗಿದಿರುತ್ತದೆ. ಸ್ನೇಹಕ್ಕೆ ಎಷ್ಟು ಗಂಟೆ ಬೇಕು ಎಂದು ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದರು: ಆಪ್ತ ಸ್ನೇಹಕ್ಕೆ ಹೆಚ್ಚುಕಡಿಮೆ 200 ಗಂಟೆ. ಒಡಹುಟ್ಟಿದವರ ಹತ್ತಿರ ಅದರ ನಲವತ್ತು ಪಟ್ಟು ಕೂಡಿಟ್ಟ ಗಂಟೆಗಳಿವೆ. ಹಾಗಾಗಿ ವರ್ಷಗಟ್ಟಲೆ ಮಾತಿಲ್ಲದಿದ್ದರೂ ಸಂಬಂಧ ಪೂರ್ತಿ ಸಾಯುವುದಿಲ್ಲ. ಅದನ್ನೇ ನಂಬಿ ಎಲ್ಲರೂ ನಿರಾಳವಾಗಿ ಇದ್ದುಬಿಡುತ್ತಾರೆ, ತೊಂದರೆ ಶುರುವಾಗುವುದೂ ಅಲ್ಲೇ.

ಆ ಗಂಟೆಗಳಿಗೆ ಇನ್ನೊಂದು ಗುಣವಿತ್ತು. ಯಾರೂ ಅವನ್ನು ತೀರ್ಮಾನ ಮಾಡಿ ಕಳೆಯಲಿಲ್ಲ. ಒಂದೇ ಕೋಣೆ, ಒಂದೇ ಬಾತ್‌ರೂಮು, ಒಂದೇ ಟೀವಿ ರಿಮೋಟು. ಜಗಳವಾಡಿದರೂ ರಾತ್ರಿ ಪಕ್ಕದಲ್ಲೇ ಮಲಗಬೇಕು, ಆದ್ದರಿಂದ ರಾಜಿ ತಾನಾಗಿಯೇ ಆಗುತ್ತಿತ್ತು. ಮಕ್ಕಳು ಕ್ಷಮೆ ಕೇಳುವುದು ಅಪರೂಪ. ‘ಪೆನ್ಸಿಲ್ ಕೊಡು’ ಎಂದರೆ ಮುಗಿಯಿತು, ಅದೇ ಕ್ಷಮೆ. ಅಂದರೆ ಸಂಬಂಧವನ್ನು ನಡೆಸಿಕೊಂಡು ಹೋಗುವ ಕೆಲಸವನ್ನು ಮನೆಯೇ ಮಾಡುತ್ತಿತ್ತು. ಆ ಕೆಲಸ ಮಕ್ಕಳು ಕಲಿತೇ ಇರುವುದಿಲ್ಲ, ಕಲಿಯುವ ಅಗತ್ಯವೂ ಬಿದ್ದಿರುವುದಿಲ್ಲ.

ವಯಸ್ಸಿನ ಅಂತರವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹದಿನೆಂಟಕ್ಕೆ ದೊಡ್ಡವರು ಮನೆ ಬಿಟ್ಟರು ಎಂದಿಟ್ಟುಕೊಳ್ಳಿ. ಎರಡು ವರ್ಷದ ಅಂತರವಿದ್ದವರು ಒಂದೇ ಸೂರಿನಡಿ ಹದಿನಾರು ವರ್ಷ ಇದ್ದಿರುತ್ತಾರೆ. ಎಂಟು ವರ್ಷದ ಅಂತರವಿದ್ದರೆ ಸಿಕ್ಕಿದ್ದು ಹತ್ತೇ ವರ್ಷ, ಅದರಲ್ಲಿ ಮೊದಲ ಮೂರು ನಾಲ್ಕು ವರ್ಷ ಒಬ್ಬರು ಎತ್ತಿ ಆಡಿಸಿದ್ದು, ಇನ್ನೊಬ್ಬರಿಗೆ ಅದರ ನೆನಪೇ ಇಲ್ಲ. ಅಕ್ಕನಿಗೆ ತಮ್ಮ ಮಗುವಿದ್ದ ಹಾಗೆ, ತಮ್ಮನಿಗೆ ಅಕ್ಕ ಅರ್ಧ ಅಮ್ಮ. ಮೂವತ್ತು ದಾಟಿದ ಮೇಲೆ ಇವರು ‘ದೂರವಾದರು’ ಎನ್ನುವುದು ತಪ್ಪು. ಸಮಾನರಾಗಿ ಅವರಿನ್ನೂ ಪರಿಚಯವೇ ಆಗಿಲ್ಲ.

ಮನೆ ಬಿಟ್ಟ ಮೇಲೆ ಸಂಬಂಧ ನಿಲ್ಲುವುದು ಅಮ್ಮನ ಮೇಲೆ. ಕೆಲವು ಮನೆಗಳಲ್ಲಿ ಅಪ್ಪ, ಅಜ್ಜಿ ಅಥವಾ ಹಿರಿಯಕ್ಕ. ಅವರು ಟೆಲಿಫೋನ್ ಎಕ್ಸ್‌ಚೇಂಜ್ ಇದ್ದ ಹಾಗೆ. ಮಗ ಅಮ್ಮನಿಗೆ ಫೋನ್ ಮಾಡುತ್ತಾನೆ, ಮಗಳೂ ಅಮ್ಮನಿಗೇ ಮಾಡುತ್ತಾಳೆ, ಇಬ್ಬರ ಸುದ್ದಿಯೂ ಅಮ್ಮನ ಮೂಲಕ ಆಚೀಚೆ ಹೋಗುತ್ತದೆ. ‘ನಿನ್ನ ತಂಗಿಗೆ ಬೆನ್ನುನೋವಂತೆ’, ‘ನಿಮ್ಮಣ್ಣನ ಮಗ ಪಾಸಾದನಂತೆ’. ಇಬ್ಬರಿಗೂ ತಾವು ಸಂಪರ್ಕದಲ್ಲಿದ್ದೇವೆ ಅನ್ನಿಸುತ್ತಿರುತ್ತದೆ. ನೇರ ಮಾತು ನಿಂತು ಐದಾರು ವರ್ಷ ಆಗಿರುವುದು ಗಮನಕ್ಕೇ ಬಂದಿರುವುದಿಲ್ಲ. ಅಮ್ಮ ಹೋದ ಮೇಲೆ ಮೊದಲ ಒಂದು ವರ್ಷ ವಿಧಿ, ಕಾಗದಪತ್ರ, ಮನೆ ಖಾಲಿ ಮಾಡುವುದು ಎಂದು ಫೋನುಗಳು ಓಡಾಡುತ್ತವೆ. ಆ ಕೆಲಸ ಮುಗಿಯುತ್ತಲೇ ಎಲ್ಲ ನಿಶ್ಶಬ್ದ. ಆಗಲೇ ತಿಳಿಯುವುದು, ಇಬ್ಬರ ನಡುವೆ ನೇರವಾದ ಲೈನು ಎಳೆದೇ ಇರಲಿಲ್ಲವೆಂದು.

ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಒಡಹುಟ್ಟಿದವರ ಬಗ್ಗೆ ನಿಮಗೆ ಗೊತ್ತಿರುವ ಇತ್ತೀಚಿನ ಐದು ಸಂಗತಿಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದು ಯಾರಿಂದ ತಿಳಿಯಿತು ಎಂದು ಬರೆಯಿರಿ. ಐದರಲ್ಲಿ ಮೂರು ನಾಲ್ಕು ಬೇರೆಯವರ ಬಾಯಿಂದ ಬಂದಿದ್ದರೆ ಎಕ್ಸ್‌ಚೇಂಜ್ ಇನ್ನೂ ನಡೆಯುತ್ತಿರುವಾಗಲೇ ನೇರ ಲೈನು ಹಾಕಿಕೊಳ್ಳುವುದು ಒಳ್ಳೆಯದು. ಅಮ್ಮನೂ ಸಹಾಯ ಮಾಡಬಹುದು. ಸುದ್ದಿ ದಾಟಿಸುವ ಬದಲು ‘ಅವಳನ್ನೇ ಕೇಳು’ ಎಂದರೆ ಸಾಕು. ಆದರೆ ಬಹಳಷ್ಟು ಅಮ್ಮಂದಿರಿಗೆ ಆ ಮಧ್ಯದ ಜಾಗ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಮಕ್ಕಳ ಫೋನು ಬರಲು ಅವರಿಗಿರುವ ನೆಪವೂ ಅದೇ.

ಇನ್ನು ಫೋನು. ನಿಂತುಹೋದ ಸಂಬಂಧದ ಫೋನ್ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಹಲೋ, ಏನಣ್ಣಾ, ಹೇಗಿದೀಯ?’
‘ಹಾಂ, ಚೆನ್ನಾಗಿದೀನಿ. ನೀನು?’
‘ನಾನೂ ಆರಾಮು. ಅತ್ತಿಗೆ, ಮಕ್ಕಳು?’
‘ಎಲ್ಲಾ ಚೆನ್ನಾಗಿದಾರೆ. ಮತ್ತೆ ಏನ್ ಸಮಾಚಾರ?’
‘ಏನಿಲ್ಲ, ಎಲ್ಲಾ ಮಾಮೂಲು. ನಿಂದು?’
‘ನಂದೂ ಅಷ್ಟೇ. ಸರಿ ಹಾಗಾದ್ರೆ, ಇಡ್ಲಾ?’

ಒಂದೂವರೆ ನಿಮಿಷ. ಇಬ್ಬರೂ ಫೋನಿಟ್ಟ ಮೇಲೆ, ನಮಗೆ ಮಾತಾಡಲು ಏನೂ ಉಳಿದಿಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಆಗಿರುವುದು ಬೇರೆ. ದಿನಾ ಮಾತಾಡುವವರ ಹತ್ತಿರ ಹೇಳಲು ರಾಶಿ ಇರುತ್ತದೆ: ನಿನ್ನೆ ಹೇಳಿದ ಆ ಮನುಷ್ಯ ಇವತ್ತು ಏನು ಮಾಡಿದ, ನಲ್ಲಿ ರಿಪೇರಿ ಆಯಿತಾ ಇಲ್ಲವಾ. ಪ್ರತಿ ಮಾತಿಗೂ ಹಿಂದಿನ ಮಾತಿನ ಕೊಂಡಿ ಇರುತ್ತದೆ. ಆರು ತಿಂಗಳಿಗೊಮ್ಮೆ ಮಾತಾಡುವವರಿಗೆ ಆ ಕೊಂಡಿ ಇಲ್ಲ. ನಲ್ಲಿ ರಿಪೇರಿಯ ಕಥೆ ಹೇಳಬೇಕೆಂದರೆ ಮನೆ ಬದಲಾಯಿಸಿದ್ದರಿಂದ ಶುರು ಮಾಡಬೇಕು. ಅಷ್ಟೆಲ್ಲ ಹೇಳುವಷ್ಟು ದೊಡ್ಡ ವಿಷಯ ಅದಲ್ಲ ಅನ್ನಿಸಿ ಬಿಟ್ಟುಬಿಡುತ್ತಾರೆ. ದೊಡ್ಡ ಸುದ್ದಿ ಮಾತ್ರ ಹೇಳಲು ಯೋಗ್ಯ ಎಂದಾಗುತ್ತದೆ. ದೊಡ್ಡ ಸುದ್ದಿಯಾದರೋ ವರ್ಷಕ್ಕೆ ಒಂದೋ ಎರಡೋ.

ಇದನ್ನು ಸರಿಪಡಿಸಲು ದೀರ್ಘವಾಗಿ ಮನಸ್ಸು ಬಿಚ್ಚುವ ಅಗತ್ಯವಿಲ್ಲ, ಮಾತು ಆಗಾಗ ಆಗಬೇಕು ಅಷ್ಟೇ. ವಾರಕ್ಕೊಮ್ಮೆ ಹದಿನೈದು ನಿಮಿಷ, ತಿಂಗಳಿಗೊಮ್ಮೆ ಒಂದು ಗಂಟೆಗಿಂತ ಎಷ್ಟೋ ಮೇಲು. ‘ಬಿಡುವಾದಾಗ ಮಾಡ್ತೀನಿ’ ಎಂದರೆ ಆ ಬಿಡುವು ಬರುವುದಿಲ್ಲ, ದಿನವೂ ಹೊತ್ತೂ ಗೊತ್ತು ಮಾಡಿಕೊಳ್ಳಿ. ಭಾನುವಾರದಂಥ ರಜೆ ದಿನ ಬೇಡ, ರಜೆಗೆ ಹತ್ತು ಅಡ್ಡಿಗಳು. ಕೆಲಸದ ದಿನವೇ, ಹೇಗೂ ಕೈಗೆ ಕೆಲಸವಿದ್ದು ಕಿವಿ ಖಾಲಿ ಇರುವ ಹೊತ್ತು ಹುಡುಕಿ: ಬಟ್ಟೆ ಮಡಚುವಾಗ, ವಾಕಿಂಗ್ ಹೋಗುವಾಗ. ಕೈಗೆ ಕೆಲಸವಿದ್ದರೆ ನಡುವೆ ಮೌನ ಬಂದರೂ ಗಾಬರಿಯಾಗುವುದಿಲ್ಲ, ಬಾಲ್ಯದಲ್ಲೂ ಮಾತು ನಡೆದದ್ದು ಹಾಗೆಯೇ. ‘ಹೇಗಿದೀಯ’ ಎಂಬ ಪ್ರಶ್ನೆ ಬಿಡಿ, ಅದಕ್ಕೆ ಒಂದೇ ಉತ್ತರ. ಹಿಂದಿನ ಸಲ ಹೇಳಿದ ಒಂದು ವಸ್ತುವಿನ ಅಥವಾ ವ್ಯಕ್ತಿಯ ಹೆಸರು ಹಿಡಿದು ಕೇಳಿ: ‘ಆ ಮೇಲಿನ ಮನೆಯವರು ಇನ್ನೂ ರಾತ್ರಿ ಕುರ್ಚಿ ಎಳೀತಾರಾ?’ ಮೊದಲ ಮೂರು ನಾಲ್ಕು ಫೋನು ಪೇಲವವಾಗಿಯೇ ಇರುತ್ತವೆ, ಕೊಂಡಿ ಕೂಡಲು ಅಷ್ಟು ಬೇಕು. ಎರಡನೆಯದಕ್ಕೇ ‘ಇದು ಆಗಲ್ಲ’ ಎಂದು ಕೈಬಿಡುವವರೇ ಹೆಚ್ಚು.

ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಹೋದ್ಯೋಗಿಗಳು ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು 18 ತಿಂಗಳ ಕಾಲ ಗಮನಿಸಿದ್ದರು. ಮಾತು ಕಡಿಮೆಯಾದಂತೆ ಸ್ನೇಹ ಬೇಗ ಇಳಿಯಿತು, ರಕ್ತಸಂಬಂಧದ ಆಪ್ತತೆ ಅಷ್ಟಾಗಿ ಇಳಿಯಲಿಲ್ಲ. ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯನ್ನೂ ಅವರು ಕಂಡರು: ಹುಡುಗಿಯರ ಸ್ನೇಹ ಉಳಿದದ್ದು ಮಾತಿನಿಂದ, ಹುಡುಗರದು ಒಟ್ಟಿಗೆ ಏನಾದರೂ ಮಾಡುವುದರಿಂದ. ಅದು ಸ್ನೇಹದ ಲೆಕ್ಕ ನಿಜ, ಆದರೆ ಅಣ್ಣತಮ್ಮಂದಿರ ವಿಷಯದಲ್ಲೂ ಪ್ರಯೋಗಿಸಿ ನೋಡಬಹುದು. ಇಬ್ಬರು ಗಂಡಸರಿಗೆ ವಾರದ ಫೋನು ಒಗ್ಗದಿದ್ದರೆ ಆನ್‌ಲೈನ್ ಚೆಸ್ ಆಡಲಿ, ದಿನಕ್ಕೆ ಒಂದೇ ನಡೆ ಸಾಕು. ಒಂದೇ ಪಂದ್ಯವನ್ನು ಬೇರೆ ಬೇರೆ ಊರಿನಲ್ಲಿ ಕೂತು ನೋಡುತ್ತಾ ಬೈದುಕೊಳ್ಳಲಿ. ಮನಸ್ಸಿನ ಮಾತು ಬರುವುದಿದ್ದರೆ ಅದರ ನಡುವೆಯೇ ಬರುತ್ತದೆ.

ಫ್ಯಾಮಿಲಿ ಗ್ರೂಪ್ ಇದೆಯಲ್ಲ ಎನ್ನುತ್ತೀರಿ. ಇದೆ, ಸಮಸ್ಯೆಯ ಅರ್ಧ ಅದೇ. ಮೂವರು ಒಡಹುಟ್ಟಿದವರಿದ್ದರೆ ಜೋಡಿಗಳು ಮೂರು, ನಾಲ್ವರಿದ್ದರೆ ಆರು, ಐವರಿದ್ದರೆ ಹತ್ತು. ಪ್ರತಿ ಜೋಡಿಯೂ ಒಂದು ಬೇರೆ ಸಂಬಂಧ. ಗ್ರೂಪಿನಲ್ಲಿ ಹಾಕಿದ್ದು ಎಲ್ಲರಿಗೂ ಸೇರಿದ್ದು, ಹಾಗಾಗಿ ಯಾರೂ ತನಗೆಂದು ತೆಗೆದುಕೊಳ್ಳುವುದಿಲ್ಲ. ಗುಡ್ ಮಾರ್ನಿಂಗ್ ಚಿತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಮಾತಾಡಿದ ಸಮಾಧಾನ ಸಿಗುತ್ತದೆ, ಮಾತು ಮಾತ್ರ ಆಗಿರುವುದಿಲ್ಲ. ಗ್ರೂಪನ್ನು ತಾರೀಕು, ಟಿಕೆಟ್, ಅಪ್ಪನ ಬೀಪಿ ಇಂಥ ಸುದ್ದಿಗೆ ಇಟ್ಟುಕೊಳ್ಳಿ. ಹಳೆಯ ಫೋಟೋ ಸಿಕ್ಕಿದರೆ ಗ್ರೂಪಿಗೆ ಹಾಕುವ ಮೊದಲು ಅದರಲ್ಲಿರುವ ಒಬ್ಬರಿಗೆ ಮಾತ್ರ ಕಳಿಸಿ ನೋಡಿ, ಬರುವ ಉತ್ತರವೇ ಬೇರೆ ಥರ ಇರುತ್ತದೆ.

ದೊಡ್ಡವರಾದ ಮೇಲೆ ಒಟ್ಟಿಗೆ ಸೇರಿದಾಗಿನ ಕಿರಿಕಿರಿ ಇನ್ನೊಂದು ಬಗೆಯದು. ನಲವತ್ತೈದರ ಹೆಂಗಸು, ಕಚೇರಿಯಲ್ಲಿ ಅರವತ್ತು ಜನರಿಗೆ ಮುಖ್ಯಸ್ಥೆ, ಅಣ್ಣನ ಮುಂದೆ ಮಾತ್ರ ‘ಇವಳಿಗೆ ಏನೂ ನೆನಪಿರಲ್ಲ’ ಎಂಬ ಹನ್ನೆರಡರ ಹುಡುಗಿ. ಮನೆಯಲ್ಲಿ ಚಿಕ್ಕಂದಿನಲ್ಲೇ ಪಾತ್ರ ಹಂಚಿಕೆಯಾಗಿರುತ್ತದೆ: ಒಬ್ಬ ಜವಾಬ್ದಾರಿಯವನು, ಒಬ್ಬಳು ಜೋರು, ಕೊನೆಯವನು ಉಡಾಳ. 2015ರಲ್ಲಿ ಜರ್ಮನಿ, ಬ್ರಿಟನ್ ಮತ್ತು ಅಮೆರಿಕದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನಕ್ಕೆ, ಹುಟ್ಟಿದ ಕ್ರಮದಿಂದ ಸ್ವಭಾವದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಹೊರಗಿನವರಿಗೆ ಕಾಣದ ಹಿರಿಯ ಕಿರಿಯ ವ್ಯತ್ಯಾಸ ಒಡಹುಟ್ಟಿದವರು ಒಟ್ಟಿಗೆ ಕೂತಾಗ ಎದ್ದು ಬರುತ್ತದೆ. ಹಳೆಯ ತಮಾಷೆಯನ್ನು ಹದಿನೈದನೆಯ ಸಲ ಹೇಳುವ ಮುಂಚೆ, ಅವರ ಈಗಿನ ಕೆಲಸದ ಬಗ್ಗೆ ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. ತಮಾಷೆಗೆ ಎಲ್ಲರೂ ನಗುತ್ತಾರೆ, ಗುರಿಯಾದವರೂ. ಆದರೆ ಮುಂದಿನ ಸಲ ಒಂದು ದಿನ ಕಡಿಮೆ ಉಳಿಯುವವರೂ ಅವರೇ.

ಮದುವೆಯಾದ ಮೇಲೆ ಎಲ್ಲ ಕೆಟ್ಟಿತು ಎನ್ನುವುದು ಸೋಮಾರಿ ವಿವರಣೆ. ಅತ್ತಿಗೆಯ ಮೇಲೋ ಭಾವನ ಮೇಲೋ ಹಾಕಿದರೆ ಮಾತು ಮುಗಿಯುತ್ತದೆ. ಆಗುವುದಿಷ್ಟೇ: ಇಬ್ಬರೇ ಇರುವ ಹೊತ್ತು ಪೂರ್ತಿ ಇಲ್ಲವಾಗುತ್ತದೆ. ಎಲ್ಲರೂ ಕೂಡುವ ಎರಡು ದಿನದಲ್ಲಿ ಒಡಹುಟ್ಟಿದವರಿಬ್ಬರೇ ಒಂದು ಗಂಟೆ ಹೊರಗೆ ನಡೆದು ಬಂದರೆ ಯಾರಿಗೂ ನಷ್ಟವಿಲ್ಲ.

ದುಡ್ಡಿನ ವಿಷಯ. ಆಸ್ತಿಗಿಂತ ಚಿಕ್ಕ ಕೈಗಡ ಹೆಚ್ಚು ಜನರನ್ನು ದೂರ ಮಾಡಿದೆ. ಕೊಟ್ಟವರು ಕೇಳಲು ಸಂಕೋಚಪಡುತ್ತಾರೆ, ತೆಗೆದುಕೊಂಡವರು ಕೇಳಿಯಾರೆಂದು ಫೋನ್ ಎತ್ತುವುದಿಲ್ಲ. ಹಣದ ಜೊತೆ ಮಾತೂ ಹೋಗುತ್ತದೆ. ಕೊಡುವಾಗಲೇ ‘ಇದು ಕೊಟ್ಟದ್ದು, ವಾಪಸ್ ಬೇಡ’ ಅಥವಾ ‘ಇದು ಸಾಲ, ತಿಂಗಳಿಗೆ ಇಷ್ಟು, ಇಷ್ಟು ಕಂತು’ ಎಂದು ಎರಡರಲ್ಲಿ ಒಂದನ್ನು ಬಾಯಿಬಿಟ್ಟು ಹೇಳಿ, ಒಂದು ಮೆಸೇಜಿನಲ್ಲಿ ಬರೆದಿಡಿ. ಕಂತು ತಪ್ಪುವುದಿದ್ದರೆ ತಾರೀಕಿಗೆ ಮುಂಚೆ ಫೋನ್ ಮಾಡಬೇಕಾದವರು ಸಾಲಗಾರರು. ‘ನಿನಗಾದಾಗ ಕೊಡು’ ಎನ್ನುವುದು ಉದಾರವಾಗಿ ಕೇಳಿಸುತ್ತದೆ, ಆದರೆ ಅದರಷ್ಟು ಹಾಳು ಮಾಡುವ ಮಾತು ಇನ್ನೊಂದಿಲ್ಲ.

ಅಪ್ಪ ಅಮ್ಮನಿಗೆ ವಯಸ್ಸಾಗಿ ನೋಡಿಕೊಳ್ಳುವ ಕಾಲ ಬಂದಾಗ, ಇಪ್ಪತ್ತು ವರ್ಷ ಮೇಲ್ಮೇಲೆ ಇದ್ದ ಸಂಬಂಧಕ್ಕೆ ಒಮ್ಮೆಲೇ ಭಾರ ಬೀಳುತ್ತದೆ. 1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಗೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಬಹುಪಾಲು ನೂರನ್ನು ದಾಟುತ್ತಿತ್ತು. ಸುಳ್ಳು ಹೇಳಿದ್ದಲ್ಲ, ತಾನು ಮಾಡಿದ್ದು ಎಲ್ಲರಿಗೂ ಚೆನ್ನಾಗಿ ನೆನಪಿರುತ್ತದೆ. ಮೂವರು ಮಕ್ಕಳು ಅಪ್ಪನನ್ನು ನೋಡಿಕೊಳ್ಳುವಾಗ ಆಗುವುದೂ ಇದೇ. ಹತ್ತಿರವಿರುವ ಮಗಳಿಗೆ ರಾತ್ರಿ ಎರಡು ಗಂಟೆಗೆ ಎದ್ದದ್ದು ನೆನಪು, ದೂರದ ಮಗನಿಗೆ ಕಳಿಸಿದ ಹಣ ನೆನಪು, ಮೂರನೆಯವನಿಗೆ ವಿಮೆಯ ಫಾರ್ಮಿಗಾಗಿ ಕಾದ ಗಂಟೆಗಳು ನೆನಪು. ಹತ್ತಿರವಿರುವವಳ ಸಿಟ್ಟು ನೆತ್ತಿಗೇರುವುದು ದೂರದವರು ಎರಡು ದಿನಕ್ಕೆ ಬಂದು ‘ಅಪ್ಪ ಇಷ್ಟು ಸೊರಗಿದ್ದಾರಲ್ಲ, ಡಾಕ್ಟರನ್ನ ಬದಲಾಯಿಸಬಾರದಾ’ ಎಂದಾಗ.

ಇಲ್ಲಿ ಬಾಯಿಮಾತಿಗಿಂತ ಕಾಗದ ಉಪಯೋಗಕ್ಕೆ ಬರುತ್ತದೆ. ಒಂದು ತಿಂಗಳಿನಲ್ಲಿ ನಡೆಯುವ ಎಲ್ಲ ಕೆಲಸವನ್ನೂ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಪಟ್ಟಿ ಮಾಡಿ: ಔಷಧಿ ತುಂಬಿಸುವುದು, ಸ್ನಾನ, ಆಸ್ಪತ್ರೆಗೆ ಕರೆದೊಯ್ಯುವುದು, ಬಿಲ್ಲು, ಬ್ಯಾಂಕು, ರಾತ್ರಿ ಕಾವಲು, ಬೇಸರಕ್ಕೆ ಫೋನಿನಲ್ಲಿ ಮಾತಾಡಿಸುವುದು. ಆಮೇಲೆ ಪಟ್ಟಿಗಳನ್ನು ಅದಲು ಬದಲು ಮಾಡಿಕೊಳ್ಳಿ. ದೂರದವರ ಪಟ್ಟಿಯಲ್ಲಿ ಇಲ್ಲದ ಕೆಲಸಗಳೇ ಜಗಳದ ಮೂಲ, ಅವು ಇವೆಯೆಂದೇ ಅವರಿಗೆ ಗೊತ್ತಿರುವುದಿಲ್ಲ. ಹಂಚುವಾಗ ದೂರದಿಂದ ಆಗುವ ಕೆಲಸವನ್ನೆಲ್ಲ ದೂರದವರಿಗೇ ಕೊಡಿ: ಬಿಲ್ಲು, ಅಪಾಯಿಂಟ್‌ಮೆಂಟ್, ಫಾರ್ಮು, ದಿನದ ಫೋನು. ಜೊತೆಗೆ ವರ್ಷದಲ್ಲಿ ಇಂತಿಷ್ಟು ದಿನ ಅವರೇ ಬಂದು ನಿಂತು, ಹತ್ತಿರವಿರುವವರು ಮನೆ ಬಿಟ್ಟು ಹೋಗುವಂತಾಗಬೇಕು. ದೂರದವರು ಇದ್ದಾಗ ಹತ್ತಿರದವರೂ ಅಲ್ಲೇ ಇದ್ದು ಅಡುಗೆ ಮಾಡಿ ಬಡಿಸಿದರೆ ಅದು ರಜೆಯಲ್ಲ, ಇನ್ನೊಬ್ಬ ಅತಿಥಿ. ಮೂರು ತಿಂಗಳಿಗೊಮ್ಮೆ ಪಟ್ಟಿ ತಿದ್ದಬೇಕು, ಏಕೆಂದರೆ ರೋಗಿಯ ಸ್ಥಿತಿ ಹಾಗೇ ಇರುವುದಿಲ್ಲ.

ಇದರ ಅಡಿಯಲ್ಲಿ ಹಳೆಯ ನೋವೊಂದು ಸಾಮಾನ್ಯವಾಗಿ ಇರುತ್ತದೆ: ಅಮ್ಮನಿಗೆ ಯಾರು ಹೆಚ್ಚು. ಪರ್ಡ್ಯೂ ವಿಶ್ವವಿದ್ಯಾಲಯದ ಜಿಲ್ ಸೂಟರ್, ಪಿಲ್ಲೆಮರ್ ಜೊತೆ ಸೇರಿ ವಯಸ್ಸಾದ ತಾಯಂದಿರನ್ನೂ ಅವರ ಬೆಳೆದ ಮಕ್ಕಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಮ್ಮ ಭೇದ ಮಾಡುತ್ತಾಳೆ ಎಂಬ ಅನಿಸಿಕೆ ಇರುವಲ್ಲಿ ಮಧ್ಯವಯಸ್ಸಿನಲ್ಲೂ ಒಡಹುಟ್ಟಿದವರ ನಡುವೆ ಬಿಗುವು ಹೆಚ್ಚು. ಅಮ್ಮನಿಗೆ ಯಾರು ಹತ್ತಿರ ಎಂದು ಮಕ್ಕಳು ಮಾಡುವ ಊಹೆ ಮಾತ್ರ ಆಗಾಗ ತಪ್ಪು. ನಲವತ್ತು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ಬೇರೆಯದೇ ಮಗುವಿನ ಮೇಲೆ ಆಗಿರಬೇಕಿತ್ತು!

ಅಪ್ಪ ಅಮ್ಮ ಹೋದ ಮೇಲೆ ಮನೆಯ ಸಾಮಾನು ಹಂಚುವಾಗ ಕಾಗದಪತ್ರದ ಆಸ್ತಿಗಿಂತ ಗೋಡೆಗಡಿಯಾರಕ್ಕೆ ಹೆಚ್ಚು ಮನಸ್ತಾಪವಾಗುತ್ತದೆ. ದುಃಖದ ಮೊದಲ ದಿನಗಳಲ್ಲಿ ಹಂಚಬೇಡಿ, ‘ನೆನಪಿಗೆ’ ಎಂದು ಯಾರೂ ಏನನ್ನೂ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಫೋಟೋಗಳನ್ನು ಹಂಚುವುದೇ ಬೇಡ, ಸ್ಕ್ಯಾನ್ ಮಾಡಿ ಎಲ್ಲರಿಗೂ ಪ್ರತಿ ಕೊಡಿ. ಉಳಿದದ್ದಕ್ಕೆ, ಇಬ್ಬರೇ ಇದ್ದರೆ, ರಾಜಕೀಯ ವಿಜ್ಞಾನಿ ಸ್ಟೀವನ್ ಬ್ರಾಮ್ಸ್ ಮತ್ತು ಗಣಿತಜ್ಞ ಅಲನ್ ಟೇಲರ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಚೆನ್ನಾಗಿದೆ. ತಲಾ 100 ಅಂಕ. ಒಬ್ಬರಿಗೊಬ್ಬರು ತೋರಿಸದೆ ವಸ್ತುಗಳ ಮೇಲೆ ಹಂಚಿ ಬರೆಯುವುದು. ಅಕ್ಕ ಗಡಿಯಾರಕ್ಕೆ 50, ಹೊಲಿಗೆ ಯಂತ್ರಕ್ಕೆ 30, ಬರೆಯುವ ಮೇಜಿಗೆ 20 ಕೊಟ್ಟಳು. ತಮ್ಮ ಗಡಿಯಾರಕ್ಕೆ 30, ಯಂತ್ರಕ್ಕೆ 10, ಮೇಜಿಗೆ 60. ಹೆಚ್ಚು ಅಂಕ ಹಾಕಿದವರಿಗೆ ವಸ್ತು: ಅಕ್ಕನಿಗೆ 80 ಅಂಕದ್ದು, ತಮ್ಮನಿಗೆ 60. ಇಬ್ಬರಿಗೂ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು. ಇದನ್ನು ಸಮ ಮಾಡಲು ಗಡಿಯಾರದ ಕಾಲುಭಾಗ ತಮ್ಮನಿಗೆ ಹೋಗಬೇಕು, ಆಗ ಇಬ್ಬರದೂ 67.5. ಗಡಿಯಾರ ಕತ್ತರಿಸಲಾಗದು, ಅದರ ಬೆಲೆಯ ಕಾಲುಭಾಗ ಹಣವಾಗಿ ಕೊಡುವುದು. ಇಬ್ಬರಿಗಿಂತ ಹೆಚ್ಚಿದ್ದರೆ ಚೀಟಿ ಎತ್ತಿ ಸರದಿಯಲ್ಲಿ ಆರಿಸಿಕೊಳ್ಳಿ, ಎರಡನೆಯ ಸುತ್ತು ಹಿಮ್ಮುಖವಾಗಿ: 1-2-3, ಆಮೇಲೆ 3-2-1. ಮೊದಲ ಸರದಿಯವರ ಲಾಭ ಇದರಿಂದ ತಗ್ಗುತ್ತದೆ. ಸೊಸೆ ಅಳಿಯಂದಿರು ಆ ಕೋಣೆಯಲ್ಲಿ ಇರದಿದ್ದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಈಗಾಗಲೇ ವರ್ಷಗಳ ಮೌನ ಬಿದ್ದಿದ್ದರೆ? ಮೊದಲ ಮೆಸೇಜು ನಾಲ್ಕು ಸಾಲು ಮೀರಬಾರದು. ‘ಇಷ್ಟು ವರ್ಷ ಯಾಕೆ ಹೀಗಾಯ್ತು’ ಎಂಬ ವಿಚಾರಣೆ ಬೇಡ. ‘ಕ್ಷಮಿಸು, ಆದರೆ ನೀನೂ…’ ಎಂಬುದಂತೂ ಬೇಡವೇ ಬೇಡ. ಅವರಿಗೆ ಮಾತ್ರ ಗೊತ್ತಿರಬಹುದಾದ ಚಿಕ್ಕ ವಿಷಯವೊಂದನ್ನು ಕೇಳಿ. ನಾವು ಬಾಡಿಗೆಗಿದ್ದ ಎರಡನೇ ಮನೆಯ ಬಾಗಿಲು ಯಾವ ಬಣ್ಣದ್ದು, ಆ ನಾಯಿಯ ಹೆಸರೇನು. ಉತ್ತರಿಸಲು ಅರ್ಧ ನಿಮಿಷ ಸಾಕು, ಉತ್ತರಿಸದೆ ಬಿಡಲು ಕಷ್ಟ. ನಿಮ್ಮ ನೆನಪಿಗೆ ಹೊಂದದ ಉತ್ತರ ಬಂದರೆ ತಿದ್ದಲು ಹೋಗಬೇಡಿ. ಎರಡು ವಾರವಾದರೂ ಉತ್ತರವಿಲ್ಲದಿದ್ದರೆ ಸುಮ್ಮನಿದ್ದು, ಒಂದೆರಡು ತಿಂಗಳ ಮೇಲೆ ಪ್ರಶ್ನೆಯೇ ಇಲ್ಲದ ಇನ್ನೊಂದು ಮೆಸೇಜು ಕಳಿಸಬಹುದು. ಅದಕ್ಕೂ ಮೌನವೇ ಆದರೆ ನಿಲ್ಲಿಸಿ. ಚಿಕ್ಕಂದಿನಲ್ಲಿ ಹೊಡೆತ, ಬೆದರಿಕೆ, ಅವಮಾನ ಇದ್ದ ಮನೆಗಳಲ್ಲಿ ದೂರ ಇರುವುದನ್ನು ಕೆಲವರು ಯೋಚಿಸಿಯೇ ಆರಿಸಿಕೊಂಡಿರುತ್ತಾರೆ. ಅಂಥವರಿಗೆ ‘ರಕ್ತಸಂಬಂಧ’ ಎಂದು ಉಪದೇಶ ಮಾಡುವ ನೆಂಟರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಉಳಿದವರಿಗೆ ಸಮಯವಿದೆ. 2001ರಲ್ಲಿ ಲಿನ್ ವೈಟ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಮಾಹಿತಿಯಿಂದ ಇದರ ಏರಿಳಿತವನ್ನು ತೋರಿಸಿದ್ದರು. ಒಡಹುಟ್ಟಿದವರ ಭೇಟಿ, ಕೊಡುಕೊಳ್ಳುವಿಕೆ ಯೌವನದಲ್ಲಿ ಇಳಿಯುತ್ತದೆ, ನಡುವಯಸ್ಸಿನಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಎಪ್ಪತ್ತರ ನಂತರ ಒಬ್ಬರಿಗೊಬ್ಬರ ನೆರವು ಮತ್ತೆ ಏರತೊಡಗುತ್ತದೆ, ಆದರೆ ಹತ್ತಿರದಲ್ಲಿ ವಾಸವಿರುವವರಲ್ಲಿ ಮಾತ್ರ. ನಿವೃತ್ತಿಯಾಗಿ ಎಲ್ಲಿ ನೆಲೆಸುವುದು ಎಂದು ಯೋಚಿಸುವಾಗ ಆಸ್ಪತ್ರೆ, ಹವೆ, ಮಕ್ಕಳ ಊರು ಎಲ್ಲವನ್ನೂ ಪಟ್ಟಿ ಮಾಡುತ್ತಾರೆ. ಅಕ್ಕನ ಮನೆ ಎಷ್ಟು ದೂರ ಎಂಬುದನ್ನೂ ಆ ಪಟ್ಟಿಗೆ ಸೇರಿಸಬೇಕಾದದ್ದು ಐವತ್ತೈದು, ಅರವತ್ತರ ಹೊತ್ತಿಗೆ. ಮಂಡಿನೋವು ಶುರುವಾದ ಮೇಲೆ ಮನೆ ಬದಲಾಯಿಸುವುದು ಯಾರಿಗೂ ಆಗುವುದಿಲ್ಲ.